ಮೇಲಿನ ಮನೆಯ ನೀರು

ಮೇಲಿನ ಮನೆಯಲ್ಲಿ ಬೆಂಟ್ಸಿಲ್ ಮೇಷ್ಟ್ರು ಎದ್ದರೆಂಬುದು ಕೊಬಿನಾ ಎಸಿಲ್ಫಿಗೆ ತಿಳಿಯುತ್ತಿದ್ದದ್ದು ತನ್ನ ಸ್ನಾನದ ಮನೆಯ ಮೋರಿಯಿಂದ. ಮೊದಲು ಗೊಳಗೊಳ ಸದ್ದು, ಆಮೇಲೆ ತೇಗಿನಂಥದೊಂದು, ಅದರ ಬೆನ್ನಿಗೇ ಕಂದು ನೀರು ಜಾಲರಿಯ ಕಣ್ಣುಗಳಿಂದ ಉಕ್ಕಿ ನೆಲದ ಮೇಲೆ ಹರಡುತ್ತಿತ್ತು. ಇವತ್ತೂ ಹಾಗೇ ಆಯಿತು. ಅವನು ಮೈಗೆಲ್ಲ ಸೋಪು ಹಚ್ಚಿಕೊಂಡು ಇಟ್ಟಿಗೆಗಳ ಮೇಲೆ ನಿಂತಿದ್ದ. ಹಾಗೆ ನಿಂತು ಸ್ನಾನ ಮಾಡುವುದನ್ನು ಅವನು ಕಲಿತದ್ದು ಈ ಮನೆಗೆ ಬಂದ ಮೇಲೆ. ನೀರು ಇಟ್ಟಿಗೆಯ ಅರ್ಧದವರೆಗೆ ಏರಿತು. ಅದರಲ್ಲಿ ತೇಲಿ ಬಂದದ್ದನ್ನು ನೋಡಬಾರದು ಅಂದುಕೊಂಡೇ ನೋಡಿದ. ನಲವತ್ತು ದಾಟಿದ ಮನುಷ್ಯ, ಪಕ್ಕದ ಸೆಕೊಂಡಿ ಊರಿನ ಕೋರ್ಟಿನಲ್ಲಿ ದುಭಾಷಿ, ಕೋಟು ತೊಟ್ಟು ಸಾಕ್ಷಿಗಳಿಗೆ ಪ್ರಮಾಣವಚನ ಹೇಳಿಕೊಡುವವನು, ಬತ್ತಲೆಯಾಗಿ ಕೊಕ್ಕರೆಯ ಹಾಗೆ ನಿಂತು ಇನ್ನೊಬ್ಬರ ಹೊಟ್ಟೆಯ ಕೊಳೆ ಇಳಿಯಲೆಂದು ಕಾಯುತ್ತಿದ್ದೇನೆ ಅನ್ನಿಸಿದಾಗ ಸಿಟ್ಟು ಎದೆಯಿಂದೆದ್ದು ಗಂಟಲಿಗೆ ಬಂದು ಅಲ್ಲೇ ನಿಂತಿತು. ಗಂಟಲು ದಾಟಿ ಅದು ಯಾವತ್ತೂ ಬಂದಿರಲಿಲ್ಲ. ಮೇಲೆ ಮೇಷ್ಟ್ರು ಚರ್ಚಿನ ಹಾಡೊಂದನ್ನು ನಿಧಾನವಾಗಿ, ಪ್ರತಿ ಸಾಲಿಗೂ ಉಸಿರು ತೆಗೆದುಕೊಂಡು ಹಾಡುತ್ತಿದ್ದರು.

ಒಂದು ಚೊಂಬು ನೀರಿನಲ್ಲಿ ಸೋಪು ತೊಳೆದುಕೊಂಡು ಮಲಗುವ ಕೋಣೆಗೆ ಬಂದರೆ ಹೊಸ ಬಣ್ಣದ ವಾಸನೆ. ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ಕಳೆದ ಭಾನುವಾರ ಚರ್ಚಿಗೆ ತಪ್ಪಿಸಿಕೊಂಡು ಅವನೇ ಬಳಿದದ್ದು. ಕಬ್ಬಿಣದ ತಗಡಿನಿಂದ ಕಪ್ಪು ಬೂಷ್ಟನ್ನು ಕೆರೆದು, ಕೆರೆದದ್ದೆಲ್ಲ ಮೂಗಿಗೆ, ಬಾಯಿಗೆ ಹೋಗಿ ಉಗುಳಿ, ಅದರ ಮೇಲೆ ಒಂದು ಕೈ ಹೊಡೆದ. ಕಪ್ಪು ಹಾಗೇ ಕಾಣಿಸಿತು. ಮತ್ತೊಂದು ಕೈ ಹೊಡೆದ. ಬೀರುವಿನ ಹಿಂದೆ ಮಾತ್ರ ಕೆರೆಯುವುದಕ್ಕೂ ಹೋಗಲಿಲ್ಲ. ಅಲ್ಲಿ ಗೋಡೆಗೆ ತುಪ್ಪಳ ಬಂದಿತ್ತು. ಅದರ ಮೇಲೇ ಬಣ್ಣ ಬಳಿದು ಬೀರುವನ್ನು ತಳ್ಳಿ ಮುಚ್ಚಿಬಿಟ್ಟ. ಮಗಳ ಹಾಸಿಗೆ ಇದ್ದದ್ದು ಆ ಬೀರುವಿನ ಪಕ್ಕದಲ್ಲೇ.

ಈ ಮನೆ ಸಿಕ್ಕಿದ ದಿನ ಅವನು ಹಿಗ್ಗಿದ್ದ. ಸಮುದ್ರದಲ್ಲಿ ತೈಲ ಸಿಕ್ಕಿ ಕಂಪನಿಯವರು ಬಂದ ಮೇಲೆ ಟಕೊರಾಡಿಯಲ್ಲಿ ಸಂಬಳದವರಿಗೆ ಮನೆ ಸಿಗುವುದೇ ಕಷ್ಟವಾಗಿತ್ತು. ಚರ್ಚಿನ ಅಂಗಳದಲ್ಲಿ ಬೆಂಟ್ಸಿಲ್ ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು, ಇವನು ನನ್ನ ಹುಡುಗ, ನನ್ನ ಸ್ಕೂಲಿನ ಇಂಗ್ಲಿಷ್ ಇವತ್ತು ಇವನಿಗೆ ಅನ್ನ ಹಾಕ್ತಿದೆ ಎಂದು ಹತ್ತು ಜನರ ಎದುರು ಹೇಳಿ, ಕೆಳಗಿನ ಮನೆ ಖಾಲಿ ಇದೆ, ಬೇರೆಯವರು ಕೇಳ್ತಿದ್ದಾರೆ, ನಿನಗೆ ಕೊಡ್ತೀನಿ ಅಂದಿದ್ದರು. ಅದೇ ಕೈಯಿಂದ ಅವರು ಅವನಿಗೆ ಹೊಡೆದಿದ್ದರು. ಶಾಲೆಯ ಆವರಣದಲ್ಲಿ ತಮ್ಮ ಮನೆಮಾತು ಫಾಂಟಿಯಲ್ಲಿ ಮಾತಾಡಿದ ತಪ್ಪಿಗೆ ಬೆಂಚಿನ ಮೇಲೆ ಬಗ್ಗಿಸಿ ಬೆತ್ತದಿಂದ ಬಾರಿಸಿದ ಮೇಲೆ, ಹುಡುಗರು ನೆಟ್ಟಗೆ ನಿಂತು "ಥ್ಯಾಂಕ್ಯೂ ಸರ್" ಅನ್ನಬೇಕಾಗಿತ್ತು. ಎರಡು ವರ್ಷದ ಬಾಡಿಗೆಯನ್ನು ಒಟ್ಟಿಗೇ ಮುಂಗಡ ಕೊಟ್ಟು ಕರಾರಿಗೆ ಸಹಿ ಹಾಕುವಾಗಲೂ ಅವನು ಕೈ ಹಿಂದೆ ಕಟ್ಟಿ ನಿಂತಿದ್ದ. ಅವನ ಹೆಂಡತಿ ಎಕುವಾ ಮಾತ್ರ ಅಷ್ಟರಲ್ಲಿ ಕೋಣೆ ಕೋಣೆಗೆ ಹೋಗಿ ಗೋಡೆ ಮೂಸಿ ನೋಡಿ ಬಂದು, ಮಗುಚಿ ಹಾಕಿದ ದೋಣಿಯ ಅಡಿಯಲ್ಲಿ ಬರುವ ವಾಸನೆ ಇದೆ ಅಂದಳು. ಮೇಷ್ಟ್ರಿಗೆ ಕೇಳಿಸೀತೆಂದು ಅವನು ಅವಳ ಮೊಣಕೈ ಚಿವುಟಿದ. ಮೀನುಗಾರರ ಮನೆಯವಳು, ಎಲ್ಲ ಕಡೆಯೂ ಅವಳಿಗೆ ದೋಣಿಯೇ ಕಾಣುತ್ತೆ ಎಂದು ದಾರಿಯಲ್ಲಿ ನಕ್ಕ. ಅವಳು ನಗಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಅವಳ ದೂರುಗಳನ್ನು ಮೇಲಕ್ಕೆ ಹೊತ್ತುಕೊಂಡು ಹೋಗುವ ಕೆಲಸ ಅವನದಾಯಿತು. ಹೆಂಗಸರು ಬಂದು ಮನೆಯ ವಿಷಯ ಮಾತಾಡುವುದು ಮೇಷ್ಟ್ರಿಗೆ ಸೇರುತ್ತಿರಲಿಲ್ಲ. ಎಕುವಾ ಒಲೆಯ ಮುಂದೆ ನಿಂತು ಹೇಳುತ್ತಿದ್ದಳು, "ಮೇಲೆ ಹೋಗಿ ಹೇಳು. ನಿನ್ನ ಹೇಲು ನನ್ನ ಮಗಳು ಸ್ನಾನ ಮಾಡೋ ಜಾಗಕ್ಕೆ ಬರ್ತಿದೆ, ಬಾ, ನಿನ್ನ ಕಣ್ಣಿಂದ ನೀನೇ ನೋಡು ಅನ್ನು." ಅವನು ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ನೀರು ಇಳಿಯೋದು ಸ್ವಲ್ಪ ನಿಧಾನ ಆಗ್ತಿದೆ ಮೇಷ್ಟ್ರೇ, ಬಿಡುವಾದಾಗ ಒಂದು ಸಲ ನೋಡಿದ್ರೆ" ಅನ್ನುತ್ತಿದ್ದ. ಮೇಷ್ಟ್ರು ತಲೆಯಾಡಿಸಿ, ಹೆಂಡತಿ ಮೋರಿಗೆ ಮೀನಿನ ಪೊರೆ ಹಾಕದ ಹಾಗೆ ನೋಡಿಕೋ ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದರು. ಕೆಳಗಿಳಿದು ಬಂದವನನ್ನು ಎಕುವಾ, ಏನಂದ್ರು ಎಂದು ಕೇಳಿದರೆ, ನೋಡ್ತಾರಂತೆ ಎನ್ನುತ್ತಿದ್ದ. ಎರಡು ಕಡೆಯೂ ಮಾತು ತೊಳೆದು ಕೊಡುತ್ತಿದ್ದ. ಯಾರಿಗೂ ನೋವಾಗಬಾರದೆಂದು ಹಾಗೆ ಮಾಡುತ್ತಿದ್ದೇನೆ ಎಂದು ತನಗೂ ಹೇಳಿಕೊಂಡಿದ್ದ. ಹೋದ ತಿಂಗಳು ಮಳೆ ಹಿಡಿದಾಗ ಆರು ವರ್ಷದ ಮಗಳು ಆಬಾಳಿಗೆ ಉಸಿರು ಸಿಗದೆ, ಪಕ್ಕೆಲುಬಿನ ಸಂದುಗಳು ಒಳಕ್ಕೆ ಎಳೆದುಕೊಳ್ಳುತ್ತಿದ್ದದ್ದನ್ನು ಅವನು ಟಾರ್ಚಿನ ಬೆಳಕಿನಲ್ಲಿ ನೋಡಿದ. ಆಸ್ಪತ್ರೆಯ ಡಾಕ್ಟರು ಮಗುವಿನ ಹಾಸಿಗೆ ಎಲ್ಲಿದೆ, ಗೋಡೆ ಹೇಗಿದೆ ಎಂದು ಮಾತ್ರ ಕೇಳಿದ್ದು. ಎಕುವಾ ಅವನ ಕಡೆ ನೋಡದೆ ಉತ್ತರ ಕೊಟ್ಟಳು. ಅಲ್ಲಿಂದ ಮನೆಗೂ ಬರದೆ ಮಗುವನ್ನು ಎತ್ತಿಕೊಂಡು ಶಾಮಾದಲ್ಲಿದ್ದ ತಾಯಿಯ ಮನೆಗೆ ಹೊರಟುಹೋದಳು. ಮೊದಲ ಶನಿವಾರ ಅವನು ಅಲ್ಲಿಗೆ ಹೋದಾಗ ಅತ್ತೆ ಮೀನಿನ ಒಲೆಗೆ ಕಟ್ಟಿಗೆ ಒಡ್ಡುತ್ತ, ತಲೆಯೆತ್ತದೆ, ಅಳಿಯಂದಿರು ಊರವರ ಪರವಾಗಿ ಕೋರ್ಟಿನಲ್ಲಿ ಎಷ್ಟು ಚೆನ್ನಾಗಿ ಮಾತಾಡ್ತಾರಂತೆ ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು.

ಅದಾದ ಮೇಲೆ ಅವನು ಮೇಲೆ ಹೋಗಿ ಮನೆ ಬಿಡುತ್ತೇನೆ ಅಂದದ್ದು. ಅದನ್ನೂ ನೆಟ್ಟಗೆ ಹೇಳಲಾಗಲಿಲ್ಲ. ಮಗುವಿಗೆ ಇಲ್ಲಿಯ ಹವೆ ಒಗ್ಗುತ್ತಿಲ್ಲ ಅಂದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಕರಾರಿನಲ್ಲಿ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಬಾಕಿ ಇದೆ, ಕರಾರು ಮುರಿಯುತ್ತಿರುವುದು ನೀನು, ನಾನಲ್ಲ ಅಂದರು. ಆದರೂ ನೀನು ನನ್ನ ಹುಡುಗ. ಹೊಸಬರು ಯಾರಾದರೂ ಮುಂಗಡ ಕೊಟ್ಟು ಬಂದರೆ ಉಳಿದ ಬಾಡಿಗೆ ವಾಪಸು ಕೊಡ್ತೀನಿ. ಆದರೆ ಗೋಡೆ ಹಾಳು ಮಾಡಿದ್ದೀಯ, ಬಣ್ಣ ಬಳಿಸಿಕೊಡು. ಆ ಹಣ ಬರದೆ ಇನ್ನೊಂದು ಕಡೆ ಮುಂಗಡ ಕೊಡುವ ಶಕ್ತಿ ಅವನಿಗಿರಲಿಲ್ಲ. ಆಗಲಿ ಮೇಷ್ಟ್ರೇ ಎಂದು ಅಂಗಡಿಗೆ ಹೋಗಿ ಬಣ್ಣ ತಂದ. ಇವತ್ತು ಮಧ್ಯಾಹ್ನ ಮನೆ ನೋಡಲು ಯಾರೋ ಬರುವವರಿದ್ದರು. ಅಂಗಿಯ ತೋಳನ್ನು ಮೂಸಿ ನೋಡಿಕೊಂಡು, ಬೂಷ್ಟಿನ ವಾಸನೆ ಹೋಗಿಲ್ಲವೆಂದು ಗೊತ್ತಾಗಿ, ಅದರ ಮೇಲೆ ಅತ್ತರು ಹಾಕಿಕೊಂಡು ಕೊಬಿನಾ ಕೋರ್ಟಿಗೆ ಹೋದ.

ಕಟಕಟೆಯಲ್ಲಿ ಹೊಗೆಮೀನು ಮಾರುವ ಹೆಂಗಸೊಬ್ಬಳು ನಿಂತಿದ್ದಳು. ಲಾರಿಯವನೊಬ್ಬ ಅವಳ ಮೀನಿನ ಬುಟ್ಟಿಗಳನ್ನು ಬಿಸಿಲಲ್ಲಿ ಬಿಟ್ಟು ಮದುವೆಗೆ ಹೋಗಿದ್ದ. ಮೀನು ಕೊಳೆಯಿತು. ಅವಳು ಸಂತೆಯಲ್ಲಿ ಎಲ್ಲರೆದುರು ಅವನ ಬಾಯಿಗೆ ಸೌಟಿನಿಂದ ಹೊಡೆದಿದ್ದಳು. ಯಾಕೆ ಹೊಡೆದೆ ಎಂದು ಮ್ಯಾಜಿಸ್ಟ್ರೇಟರು ಕೇಳಿದ್ದನ್ನು ಕೊಬಿನಾ ಫಾಂಟಿಯಲ್ಲಿ ಹೇಳಿದ. ಅವಳು ಲಾರಿಯವನನ್ನೇ ನೋಡುತ್ತ, ನನ್ನ ಮೀನು ಏನಾಯ್ತು ಅಂತ ಕೇಳಿದ್ದಕ್ಕೆ ಅವನು ನಕ್ಕ, ನಗೋ ಬಾಯಿಗೆ ಹೊಡೆದೆ, ಇನ್ನೊಂದು ಸಲ ನಕ್ಕರೆ ಇನ್ನೊಂದು ಸಲ ಹೊಡೀತೀನಿ ಅಂದಳು. ದಂಡ ಹೆಚ್ಚಾದೀತು, ಪಾಪದವಳು ಅನ್ನಿಸಿತು ಅವನಿಗೆ. ನಷ್ಟದ ದುಃಖದಲ್ಲಿ ಸಹನೆ ಕಳೆದುಕೊಂಡೆ, ಅದಕ್ಕೆ ಸಾರಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಇಪ್ಪತ್ತು ವರ್ಷದಿಂದ ಹೀಗೆ ಎಷ್ಟು ಜನರ ಮಾತಿನ ಮುಳ್ಳು ತೆಗೆದು ಕೊಟ್ಟಿದ್ದನೋ, ಯಾರೂ ಹಿಡಿದಿರಲಿಲ್ಲ. ಆ ಒಂದು ಪದ ಅವಳಿಗೆ ಗೊತ್ತಿತ್ತು. ಅವಳು ಅವನ ಕಡೆಗೆ ಪೂರ್ತಿ ತಿರುಗಿದಳು.

"ಸಾರಿ ಅಂತ ನಾನೆಲ್ಲಿ ಅಂದೆ? ನನ್ನ ಮಾತು ತೊಳೆದು ಕೊಡೋಕೆ ನಿನ್ನನ್ನ ಯಾರು ಇಟ್ಟಿದ್ದಾರೆ?"

ಬೆಂಚಿನ ಮೇಲಿದ್ದವರು ನಕ್ಕರು. ಅವಳು ಏನಂದಳೆಂದು ಮ್ಯಾಜಿಸ್ಟ್ರೇಟರು ಕೇಳಿದರು. ಅದನ್ನೂ ಅವನೇ ಹೇಳಬೇಕಾಯಿತು. ಅಕ್ಷರ ಬಿಡದೆ ಹೇಳಿದ, ತನ್ನ ನಾಲಿಗೆಯಿಂದಲೇ ತನ್ನನ್ನು ಬೈದುಕೊಂಡ ಹಾಗೆ. ಮಿಸ್ಟರ್ ಎಸಿಲ್ಫಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅಷ್ಟೇ ನಿಮ್ಮ ಕೆಲಸ ಎಂದು ಮ್ಯಾಜಿಸ್ಟ್ರೇಟರು ಮೆಲ್ಲಗೆ ಅಂದರು. ಆ ಮೆಲುದನಿ ಬೆತ್ತಕ್ಕಿಂತ ಉರಿಯಿತು. ಹೆಂಗಸು ದಂಡ ಕಟ್ಟಿ, ತಲೆಯ ಬಟ್ಟೆ ಬಿಚ್ಚಿ ಮತ್ತೆ ಬಿಗಿದು ಕಟ್ಟಿಕೊಂಡು ನಡೆದಳು. ಅವಳ ಮುಖದಲ್ಲಿ ಸೋತ ಲಕ್ಷಣವೇ ಇರಲಿಲ್ಲ. ಟ್ರೋಟ್ರೋ ವ್ಯಾನಿನ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಟಕೊರಾಡಿಗೆ ಹಿಂತಿರುಗುವಾಗ ಅವನಿಗೆ ಅವಳ ಮೇಲೆ ಸಿಟ್ಟು ಬಂತು, ನಕ್ಕವರ ಮೇಲೆ ಬಂತು, ಪಕ್ಕದಲ್ಲಿ ಕಡಲೆಕಾಯಿ ಸುಲಿದು ಸಿಪ್ಪೆಯನ್ನು ಇವನ ಬೂಟಿನ ಮೇಲೆ ಉದುರಿಸುತ್ತಿದ್ದವನ ಮೇಲೂ ಬಂತು. ಎಕುವಾ ಒಲೆಯ ಮುಂದೆ ನಿಂತಿದ್ದ ರೀತಿ, ಆ ಹೆಂಗಸು ಕಟಕಟೆಯಲ್ಲಿ ನಿಂತಿದ್ದ ರೀತಿ ಒಂದೇ ಎಂದು ಹೊಳೆದಾಗ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಮನೆ ನೋಡಲು ಬಂದವರು ಆಗಲೇ ಒಳಗಿದ್ದರು. ಬಂದರಿನ ಕೆಲಸದ ಸಮವಸ್ತ್ರದಲ್ಲೇ ಬಂದಿದ್ದ ಗಂಡ, ತುಂಬಿದ ಬಸುರಿ ಹೆಂಡತಿ, ಇಬ್ಬರೂ ಎಳೆಯ ವಯಸ್ಸಿನವರು. ಅವಳು ಚಪ್ಪಲಿ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಬರಿಗಾಲಲ್ಲಿ ಕೋಣೆಯೊಳಗೆ ಓಡಾಡುತ್ತಿದ್ದಳು. ತಣ್ಣನೆಯ ನೆಲ ಅವಳ ಊದಿದ ಪಾದಗಳಿಗೆ ಹಿತವಾಗಿದ್ದಿರಬೇಕು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನೋಡಿ, ಮೊನ್ನೆಯಷ್ಟೇ ಬಣ್ಣ ಬಳಿಸಿದ್ದೀನಿ ಅಂದರು. ಕೊಬಿನಾ ಕೈ ಹಿಂದೆ ಕಟ್ಟಿ ನಿಂತ. ನಿಂತ ಮೇಲೆ ಅದು ಗೊತ್ತಾಗಿ ಕೈ ಬಿಡಿಸಿಕೊಂಡು ಜೇಬಿಗೆ ಹಾಕಿದ. ಹುಡುಗಿ ಅವನನ್ನು ನೋಡಿ ನಕ್ಕು, ಅಣ್ಣಾ, ಇಷ್ಟು ಒಳ್ಳೆ ಮನೆ ಯಾಕೆ ಬಿಡ್ತಿದ್ದೀರಿ ಎಂದು ಕೇಳಿದಳು. ಅವನಿಗೆ ವರ್ಗ ಆಗಿದೆ ಎಂದು ಮೇಷ್ಟ್ರೇ ಉತ್ತರ ಕೊಟ್ಟರು. ಸುಮ್ಮನಿದ್ದರೆ ಇನ್ನು ಕಾಲು ಗಂಟೆಯಲ್ಲಿ ಎಲ್ಲ ಮುಗಿಯುತ್ತಿತ್ತು. ಎಕುವಾ ಶಾಮಾದಲ್ಲಿ ಹೊಸ ಮನೆಗಾಗಿ ಕಾಯುತ್ತಿದ್ದಳು, ಆಬಾ ಶಾಲೆಗೆ ಹೋಗದೆ ಅಜ್ಜಿಯ ಒಲೆಯ ಹೊಗೆಯಿಂದ ದೂರ, ಬೀದಿಯ ಮರದ ಕೆಳಗೆ ದಿನ ಕಳೆಯುತ್ತಿದ್ದಳು. ಹುಡುಗಿ ಅಲ್ಲಿ ಇಲ್ಲಿ ನೋಡಿ, ಮಗುವಿನ ತೊಟ್ಟಿಲು ಇಲ್ಲಿಡಬಹುದು ಎಂದು ಗಂಡನಿಗೆ ಬೀರುವಿನ ಪಕ್ಕದ ಜಾಗ ತೋರಿಸಿದಳು. ಆಮೇಲೆ ಮೋರಿಯ ಕಡೆಯಿಂದ ಏನೋ ವಾಸನೆ ಬರ್ತಿದೆಯಲ್ಲಾ ಅಂದಳು, ಆಕ್ಷೇಪಣೆಯ ದನಿಯಲ್ಲೇನೂ ಅಲ್ಲ.

ಮೇಷ್ಟ್ರು ನಕ್ಕರು. "ಇವನ ಹೆಂಡತಿಗೆ ಮನೆ ಇಟ್ಟುಕೊಳ್ಳೋದು ಗೊತ್ತಿಲ್ಲಮ್ಮ. ಮೀನಿನ ಕೇರಿಯಿಂದ ಬಂದವಳು. ಮಗೂನೂ ಹಾಗೇ, ಯಾವಾಗ್ಲೂ ಸೀಕು. ನೀನು ಬಂದರೆ ಎಲ್ಲಾ ಸರಿಹೋಗುತ್ತೆ."

ಕೊಬಿನಾ ಬೀರುವಿನ ಹತ್ತಿರ ಹೋದ. ಅದನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಅದರ ಕಾಲು ನೆಲವನ್ನು ಗೀಚಿಕೊಂಡು ಕಿರುಚುತ್ತ ಬಂತು. ಹಿಂದೆ ಬಣ್ಣ ಹಸಿಯಾಗಿಯೇ ಉಳಿದು, ಕೆಳಭಾಗದಲ್ಲಿ ಹೊಟ್ಟೆಯ ಹಾಗೆ ಉಬ್ಬಿಕೊಂಡು ನಿಂತಿತ್ತು. ಅವನು ಹೆಬ್ಬೆರಳು ಒತ್ತಿದ. ಬಣ್ಣದ ಸಿಪ್ಪೆ ಅಂಗೈಯಗಲ ಕಳಚಿ ಬಂತು. ಒಳಗಿಂದ ನೀರು ಒಸರಿತು, ಕಪ್ಪು ತುಪ್ಪಳ ಬೆರಳಿಗೆ ಮೆತ್ತಿಕೊಂಡಿತು. ಅದನ್ನು ಅವನು ಹುಡುಗಿಯ ಮುಖದ ಹತ್ತಿರ ಹಿಡಿದ, ಅಷ್ಟು ಹತ್ತಿರ ಹಿಡಿಯಬೇಕಾಗಿರಲಿಲ್ಲ.

"ಇದನ್ನ ಬಳಿದವನು ನಾನು. ನನ್ನ ಮಗಳು ಇದರ ಪಕ್ಕ ಮಲಗ್ತಿದ್ದಳು, ಉಸಿರು ನಿಂತುಹೋಗ್ತಿತ್ತು. ಆ ಮೋರೀಲಿ ದಿನಾ ಬೆಳಗ್ಗೆ ಇವರ ಹೇಲು ಬರುತ್ತೆ. ನನ್ನ ಹೆಂಡತಿ ಮೊದಲ ದಿನವೇ ಹೇಳಿದ್ಲು. ನನಗೆ ವರ್ಗ ಆಗಿಲ್ಲ."

ಹೇಳಿದ ಮೇಲೆ ಹಗುರಾಗುತ್ತದೆಂದು ಅವನು ಎಲ್ಲೋ ನಂಬಿದ್ದ. ಹಾಗೇನೂ ಆಗಲಿಲ್ಲ. ಹುಡುಗಿ ಮೂಗಿಗೆ ಬಟ್ಟೆ ಒತ್ತಿಕೊಂಡು ಹೊರಗೆ ನಡೆದಳು. ಮೇಷ್ಟ್ರು ಅವನನ್ನು ನೋಡಿದರು, ತಪ್ಪು ಕಾಗುಣಿತ ನೋಡುವ ಹಾಗೆ. ಗೆಟ್ ಔಟ್ ಎಂದು ತರಗತಿಯ ದನಿಯಲ್ಲಿ ಹೇಳಿದರು. ಅವನು ಮಗಳ ಬಟ್ಟೆಗಳನ್ನೂ ಎಕುವಾ ಸೊಂಟಕ್ಕೆ ಸುತ್ತಿಕೊಳ್ಳುವ ಎರಡು ಬಟ್ಟೆಗಳನ್ನೂ ಒಂದು ಚೀಲಕ್ಕೆ ತುರುಕಿಕೊಂಡು ಹೊರಬಿದ್ದ. ಹಾಸಿಗೆ, ಬೀರು, ಪಾತ್ರೆ ಎಲ್ಲ ಅಲ್ಲೇ ಇತ್ತು. ಗೇಟಿನ ಹತ್ತಿರ ಹಿಂದಿನಿಂದ ಓಡಿ ಬಂದ ಹೆಜ್ಜೆ ಕೇಳಿಸಿತು. ಆ ಹುಡುಗಿಯ ಗಂಡ. ಕೃತಜ್ಞತೆ ಹೇಳಲು ಬಂದಿದ್ದಾನೆಂದುಕೊಂಡು, ಪರವಾಗಿಲ್ಲ ಅನ್ನುವುದಕ್ಕೆ ಕೊಬಿನಾ ಬಾಯಿ ತೆರೆದ.

"ನನ್ನ ಕಿವೀಲಿ ಹೇಳೋಕಾಗ್ತಿರಲಿಲ್ವಾ?" ಅಂದ ಆ ಹುಡುಗ. ಅವನ ಕತ್ತಿನ ನರ ಉಬ್ಬಿತ್ತು. "ಅವಳ ಮುಂದೆ ಯಾಕೆ? ಗೋಡೆ ಒದ್ದೆ ಇದೆ ಅಂತ ನನಗೆ ಕಾಣಲ್ವಾ? ಈಗಿರೋ ಕಡೆ ತಿಂಗಳ ಕೊನೆಗೆ ಬಿಡು ಅಂದಿದ್ದಾರೆ. ನಮ್ಮ ಕೈಗೆಟುಕೋ ಮನೆ ಇದೊಂದೇ. ನಿಮಗೆ ಹೋಗೋಕೆ ಒಂದು ಕಡೆ ಇದೆ, ಹೋಗ್ತಿದ್ದೀರಿ. ಇನ್ನು ಆ ಮನೆಯೊಳಗೆ ಅವಳು ದಿನಾ ಹೆದರಿಕೊಂಡು ಬದುಕಬೇಕು."

ಕೊಬಿನಾಗೆ ಹಾಗಾದರೆ ತಗೋಬೇಡಿ ಎಂದು ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಮೇಷ್ಟ್ರು ಮೇಲಿನ ಬಾಲ್ಕನಿಯಿಂದ ಊರುಗೋಲಿನಿಂದ ಕಂಬಿ ಕುಟ್ಟಿ ಹುಡುಗನನ್ನು ಕರೆದರು. ಅವನು ಹೋದ. ಕೊಬಿನಾ ಎದುರಿನ ಕೆಂಕಿ ಕಡುಬು ಮಾರುವವಳ ಬೆಂಚಿನ ಮೇಲೆ ಕೂತ. ಹಸಿವಿರಲಿಲ್ಲ, ಆದರೂ ಸುಮ್ಮನೆ ಕೂರಬಾರದೆಂದು ಒಂದು ಕೆಂಕಿ, ಹುರಿದ ಮೀನು ತೆಗೆದುಕೊಂಡು, ಖಾರ ಅದ್ದಿ ಅದ್ದಿ ತಿಂದ, ಕಣ್ಣಲ್ಲಿ ನೀರು ಬರುವವರೆಗೆ. ಹುಡುಗಿ ಅಷ್ಟು ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಇವನ ಕಡೆ ಒಮ್ಮೆಯೂ ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ಗಂಡ ಕೆಳಗಿಳಿದು ಬಂದು ಅವಳ ಕಿವಿಯಲ್ಲಿ ಏನೋ ಹೇಳಿ, ಅವಳು ತಲೆಯಾಡಿಸಿ, ಅವನು ಮತ್ತೆ ಹೇಳಿ, ಕೊನೆಗೆ ಅವಳ ಕೈಹಿಡಿದು ಒಳಗೆ ಕರೆದುಕೊಂಡು ಹೋದ. ಹೋಗುತ್ತ ಇವನಿಗೆ, ನಿಮ್ಮನ್ನೂ ಕರೀತಿದ್ದಾರೆ ಅಂದ.

ಮೇಷ್ಟ್ರ ಹಜಾರದಲ್ಲಿ ವ್ಯವಹಾರ ಮುಗಿದಿತ್ತು. ಗೋಡೆ ಒದ್ದೆಯಿದೆ ಎಂಬುದು ಬಾಯಿಬಿಟ್ಟು ಹೇಳಿಯಾಗಿದ್ದರಿಂದ ಹುಡುಗ ಬಾಡಿಗೆ ಇಳಿಸಲು ಕೇಳಿದ್ದ, ಮೇಷ್ಟ್ರು ಇಳಿಸಿದ್ದರು. ಹುಡುಗ ಕೊಟ್ಟ ಮುಂಗಡ ಇನ್ನೂ ಮೇಜಿನ ಮೇಲಿತ್ತು. ಮೇಷ್ಟ್ರು ಅದರಿಂದಲೇ ಒಂದು ಕಟ್ಟು ತೆಗೆದು, ನಿನ್ನ ಬಾಯಿಯಿಂದ ನನಗಾದ ನಷ್ಟ ಮುರಿದುಕೊಂಡಿದ್ದೀನಿ, ಉಳಿದದ್ದು ತಗೋ, ನಾನು ಯಾರ ಹಣವನ್ನೂ ತಿನ್ನುವವನಲ್ಲ ಎಂದು ಚಾಚಿದರು. ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು ತನ್ನ ಪಾದಗಳನ್ನು ನೋಡುತ್ತಿದ್ದಳು. ಅದನ್ನು ಅವರ ಮುಖಕ್ಕೆಸೆಯಬೇಕು ಎಂದು ಕೊಬಿನಾ ಯೋಚಿಸಿದ. ನೋಟುಗಳು ಹಜಾರದ ತುಂಬ ಹಾರುವುದೂ ಕಣ್ಣಿಗೆ ಕಟ್ಟಿತು. ಆದರೆ ಬಲಗೈ ತಾನಾಗಿ ಮುಂದೆ ಹೋಗಿತ್ತು. ಕಟ್ಟು ಅಂಗೈಗೆ ಬಿದ್ದ ಕೂಡಲೇ ನಾಲಿಗೆಯೂ ತಾನಾಗಿ, "ಥ್ಯಾಂಕ್ಯೂ ಸರ್" ಅಂದಿತು.

ಶಾಮಾ ತಲುಪುವಾಗ ಹೊತ್ತು ಇಳಿದಿತ್ತು, ದೋಣಿಗಳು ದಡಕ್ಕೆ ಬಂದಿದ್ದವು. ದಾರಿಯುದ್ದಕ್ಕೂ ಅವನು ಮೇಷ್ಟ್ರಿಗೆ ಹೇಳಬೇಕಾಗಿದ್ದ ಮಾತುಗಳನ್ನು ಎರಡು ಭಾಷೆಯಲ್ಲೂ ಹೇಳಿಕೊಳ್ಳುತ್ತ ಬಂದಿದ್ದ. ಒಂದಕ್ಕಿಂತ ಒಂದು ಹರಿತವಾಗಿದ್ದವು, ಒಂದೂ ಇನ್ನು ಉಪಯೋಗಕ್ಕಿರಲಿಲ್ಲ. ಆಬಾ ಅಂಗಳದಲ್ಲಿ ಬೇರೆ ಹುಡುಗಿಯರ ಜೊತೆ ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದಳು. ಅಪ್ಪನನ್ನು ನೋಡಿ ಓಡಿ ಬಂದು ಚೀಲದಲ್ಲಿ ಹುಡುಕಿ, ತನ್ನ ಬಟ್ಟೆಯೊಂದನ್ನು ಎಳೆದು ಮೂಸಿ, ಮುಖ ಕಿವುಚಿ ವಾಪಸು ಹಾಕಿ ಮತ್ತೆ ಆಟಕ್ಕೆ ಓಡಿದಳು. ಎಕುವಾ ಬಾಂಕು ಮುದ್ದೆ ತಿರುವುತ್ತಿದ್ದಳು. ಅವನು ಹಣ ಕೊಟ್ಟ. ಅವಳು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಟ್ಟರಾ ಅಂದಳು. ಕೊಟ್ಟರು ಅಂದ. ಹಾಗಾದರೆ ಯಾರು ಬರ್ತಿದ್ದಾರೆ ಆ ಮನೆಗೆ ಎಂದು ಕೇಳಿದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಮೋರಿ, ಬಣ್ಣ, ಬೀರು, ಹುಡುಗ ಗೇಟಿನಲ್ಲಿ ಅಂದದ್ದು, ಮೇಷ್ಟ್ರು ಅವಳ ಬಗ್ಗೆ ಅಂದದ್ದು, ಕೊನೆಗೆ ತನ್ನ ನಾಲಿಗೆ ಹೇಳಿದ ಥ್ಯಾಂಕ್ಯೂವನ್ನೂ ಬಿಡಲಿಲ್ಲ. ಅವಳ ಕೈ ನಿಂತಿತು. ಮುದ್ದೆ ತಳ ಹಿಡಿದ ವಾಸನೆ ಬಂತು. ಅವಳು ಹೊಗಳುತ್ತಾಳೆಂದು ಅವನು ಕಾಯಲಿಲ್ಲ, ಬಯ್ಯುತ್ತಾಳೆಂದು ಕಾದ.

"ಎಷ್ಟು ತಿಂಗಳು ಅವಳಿಗೆ?" ಎಂದಳು ಎಕುವಾ.

"ತುಂಬಿದ ಹಾಗಿತ್ತು."

"ಹೆಸರೇನು?"

ಅವನಿಗೆ ಗೊತ್ತಿರಲಿಲ್ಲ. ಅವಳ ಊದಿದ ಪಾದ, ಮೂಗಿಗೆ ಒತ್ತಿಕೊಂಡ ಬಟ್ಟೆ, ಎಲ್ಲ ಕಣ್ಣ ಮುಂದಿತ್ತು. ಅಷ್ಟು ಹೊತ್ತಿನಲ್ಲಿ ಹೆಸರು ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ತಾನು ಬಾಯಿಬಿಟ್ಟದ್ದು ಅವಳಿಗಾಗಿ ಎಂದು ದಾರಿಯಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದ. ಎಕುವಾ ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿದಳು. ನಾಳೆ ಬೆಳಗ್ಗೆ ಮೊದಲ ಟ್ರೋಟ್ರೋಗೆ ಟಕೊರಾಡಿಗೆ ಹೋಗ್ತೀನಿ ಅಂದಳು. ಆ ಹುಡುಗಿಯನ್ನು ಹುಡುಕಿ ಕರೆದುಕೊಂಡು, ಬಾಡಿಗೆಯವರ ದೂರು ಕೇಳುವ ಸರ್ಕಾರಿ ಕಚೇರಿಗೆ ಹೋಗಬೇಕು, ಅದಕ್ಕೆ ಮೊದಲು ಮೇಲೆ ಹತ್ತಿ ಮುದುಕನ ಹತ್ತಿರ ಸ್ವಲ್ಪ ಮಾತಾಡುವುದಿದೆ. ನಾನೂ ಬರ್ತೀನಿ ಎಂದ ಕೊಬಿನಾ.

ಅವಳು ಒದ್ದೆ ಕೈಯಲ್ಲಿ ಮುದ್ದೆ ಉಂಡೆ ಕಟ್ಟಿ ಅವನ ತಟ್ಟೆಗೆ ಹಾಕಿದಳು.

"ಬಾ," ಅಂದಳು. "ಆದರೆ ನೀನು ಬಾಯಿ ತೆಗೀಬೇಡ. ಮಾತು ನಾನು ಆಡ್ತೀನಿ."